ಬಲತುದಿಯವನು

ಸುಹಾಸ ಹಿಮ್ಮಡಿಯಿಂದ ಶುರುಮಾಡಿದ. ಎಲ್ಲರೂ ಮುಖದಿಂದ ಶುರುಮಾಡುತ್ತಾರೆ. ಮುಖ ಒಮ್ಮೆ ಹೋಯಿತೆಂದರೆ ಉಳಿಯುವುದು ಬರೀ ಬಟ್ಟೆ, ಬಣ್ಣ, ಆಮೇಲೆ ಕೈ ಅಳುಕುವುದಿಲ್ಲ. ಹದಿನೇಳು ವರ್ಷಗಳಿಂದ ಅವನೂ ಹಾಗೆಯೇ ಮಾಡಿಕೊಂಡು ಬಂದವನು. ನಾಯಕನನ್ನು ಗಾಳಿಯಲ್ಲಿ ತೂಗುಹಾಕಿದ ತಂತಿ, ಮರೆತು ಒಳಗೆ ಕಾಲಿಟ್ಟ ಲೈಟಿನವನು, ದೂರದ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತ ಶೂಟಿಂಗ್ ನೋಡುತ್ತಿದ್ದ ಹೆಂಗಸು, ಹೀಗೆ ಸಿನೆಮಾದವರಿಗೆ ಬೇಡವಾದದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಅಳಿಸುವುದು ಅವನ ಉದ್ಯೋಗ. ಕೇಳಿದವರು ಅದೇನು ಮಹಾ ಕೆಲಸ ಅನ್ನುತ್ತಾರೆ. ಅಳಿಸಿದರೆ ಅಲ್ಲೊಂದು ತೂತು ಉಳಿಯುತ್ತದೆ. ಆ ಮನುಷ್ಯ ಅಲ್ಲಿ ನಿಲ್ಲದೇ ಹೋಗಿದ್ದರೆ ಅವನ ಹಿಂದೆ ಏನು ಕಾಣುತ್ತಿತ್ತೋ ಅದನ್ನು ಒಂದೊಂದು ಫ್ರೇಮಿನಲ್ಲೂ ಹೊಸದಾಗಿ ಬರೆದು ತುಂಬಬೇಕು. ಇವತ್ತಿನ ಶಾಟಿನಲ್ಲಿ ಇನ್ನೂರ ಹದಿನಾಲ್ಕು ಫ್ರೇಮುಗಳಿದ್ದವು. ಸಂಜೆ ಆರಕ್ಕೆ ಕೊಡಬೇಕು. ಪವಾಯಿಯ ಅವನ ಆಫೀಸಿನ ಎಂಟನೆಯ ಮಹಡಿಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಇಳಿಬಿಟ್ಟಿದ್ದರಿಂದ ಹೊರಗೆ ಕೆರೆ ಇದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು.

ಶಾಟು ಇಷ್ಟೇ. ಊರು ಹಾಳಾಗಿದೆ, ಖಳ ಸತ್ತಿದ್ದಾನೆ, ಧೂಳಿನೊಳಗಿಂದ ಏಳು ಜನ ಮಹಾವೀರರು ಸಾಲಾಗಿ ಕಾಣಿಸಿಕೊಳ್ಳುತ್ತಾರೆ. ಎಡದಿಂದ ಮೊದಲನೆಯವಳು ಉಗುರಿನ ತುದಿಯಿಂದ ಬೆಂಕಿ ತೆಗೆಯುವವಳು, ಎರಡನೆಯವನು ನೀರಿನ ಮೇಲೆ ಓಡುವವನು. ಮೂರನೆಯವನು ಇಪ್ಪತ್ತು ವರ್ಷದಿಂದ ದೊಡ್ಡ ಸ್ಟಾರ್. ನಾಲ್ಕನೆಯವಳು ಈಚೆಗೆ ಅವನಿಗಿಂತ ದೊಡ್ಡವಳಾಗುತ್ತಿರುವ ಸ್ಟಾರ್. ಐದು ಮತ್ತು ಆರು ಅವಳಿ ಅಣ್ಣತಮ್ಮಂದಿರು. ಏಳನೆಯವನು ಬಲತುದಿಯಲ್ಲಿ ಎರಡೂ ಕೈ ಮೇಲೆತ್ತಿ, ಕುಸಿಯುತ್ತಿರುವ ಫ್ಲೈಓವರಿನ ಅಂಚನ್ನು ಹಿಡಿದು ನಿಂತಿದ್ದಾನೆ. ಅವನಿಗಿರುವ ಶಕ್ತಿ ಅದೊಂದೇ. ಹಾರಲಾರ, ಯಾರನ್ನೂ ಹೊಡೆಯಲಾರ. ಹಿಡಿದದ್ದನ್ನು ಮಾತ್ರ ಬಿಡುವುದಿಲ್ಲ. ಇಡೀ ಯುದ್ಧದಲ್ಲಿ ಅವನು ನಿಂತಲ್ಲೇ ನಿಂತಿರುತ್ತಾನೆ, ಉಳಿದವರು ಅವನ ಕಂಕುಳಡಿಯಿಂದ ಓಡಾಡಿ ಗೆಲ್ಲುತ್ತಾರೆ. ಸಾಂತಾಕ್ರೂಜಿನ ಪುಟ್ಟ ಥಿಯೇಟರೊಂದರಲ್ಲಿ ನಲವತ್ತು ಜನರನ್ನು ಕೂರಿಸಿ ಗುಟ್ಟಾಗಿ ತೋರಿಸಿದಾಗ, ಅವರು ಬರೆದುಕೊಟ್ಟ ಅಭಿಪ್ರಾಯಗಳಲ್ಲಿ ಅವನ ಬಗ್ಗೆ ಒಬ್ಬರೂ ಒಳ್ಳೆಯದನ್ನು ಬರೆದಿರಲಿಲ್ಲ. ಕೆಟ್ಟದ್ದನ್ನೂ ಬರೆದಿರಲಿಲ್ಲ.

ಮಧ್ಯದಲ್ಲಿ ಯಾರಿರಬೇಕು ಎಂಬುದು ತಕರಾರು. ಏಳು ಜನ ಸಾಲಾಗಿ ನಿಂತರೆ ನಟ್ಟನಡುವೆ ಬರುವವಳು ನಾಲ್ಕನೆಯವಳು. ಮೂರನೆಯವನ ಕಡೆಯವರು ಇದಕ್ಕೆ ಮುಖ ಊದಿಸಿಕೊಂಡಿದ್ದರು. ಅವನನ್ನು ನಡುವೆ ತಂದರೆ ನಾಲ್ಕನೆಯವಳ ಕಡೆಯವರು ಫೋನ್ ಎತ್ತುವುದನ್ನೇ ನಿಲ್ಲಿಸುತ್ತಿದ್ದರು. ಮೂರು ವಾರದ ಹಿಂದೆ ನಿರ್ಮಾಪಕರ ಕಡೆಯಿಂದ ಚೇತನ ಎಂಬವನು ಬಂದು ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಎರಡು ತಾಸು ತಲೆ ಚಚ್ಚಿಕೊಂಡಿದ್ದ. ಬೆಂಕಿಯವಳನ್ನೇ ನಡುವೆ ನಿಲ್ಲಿಸಿ, ಮಕ್ಕಳಿಗೆ ಅವಳೇ ಇಷ್ಟ ಅಂದರು ಒಬ್ಬರು. ಯಾರೂ ನಡುವೆ ಬೇಡ, ಕ್ಯಾಮೆರಾ ಸುತ್ತುತ್ತಲೇ ಇರಲಿ ಅಂದರು ಇನ್ನೊಬ್ಬರು. ಸುಹಾಸ ಆ ಕೋಣೆಯಲ್ಲಿ ಇದ್ದದ್ದು ಫ್ರೇಮುಗಳನ್ನು ಹಿಂದೆ ಮುಂದೆ ಓಡಿಸಿ ತೋರಿಸುವುದಕ್ಕೆ ಮಾತ್ರ. ಅವನಿಗೆ ಕುರ್ಚಿ ಇರಲಿಲ್ಲ, ಪ್ರಿಂಟರಿನ ಪಕ್ಕ ನಿಂತಿದ್ದ. ಚೇತನ ಬೇಸತ್ತು, ತಮಾಷೆಗೋ ಏನೋ, "ಅರೆ, ಇವರನ್ನ ಕೇಳಿ ಯಾರ್. ಒಂದೊಂದು ಫ್ರೇಮ್ ನೋಡಿದವರು ಇವರು. ಬೋಲಿಯೇ, ಮಧ್ಯದಲ್ಲಿ ಯಾರು?" ಎಂದ. ಎಲ್ಲರೂ ತಿರುಗಿ ನೋಡಿದರು. ಹದಿನೇಳು ವರ್ಷದಲ್ಲಿ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. ಅವನ ಮನಸ್ಸಿನಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು: ಹಿಡಿದು ನಿಂತವನು ನಡುವೆ ಇರಬೇಕು, ಅವನು ಕೈಬಿಟ್ಟರೆ ಉಳಿದ ಆರೂ ಜನ ಅಪ್ಪಚ್ಚಿ. ಆದರೆ ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದಾಗ ಅವರಿಗೆ ಬೇಕಾದದ್ದನ್ನು ಕೊಟ್ಟುಬಿಡಬೇಕೆಂಬ ಆಸೆ ಎಲ್ಲಿಂದಲೋ ಎದ್ದುಬಂತು. "ಕೊನೆಯವನನ್ನು ತೆಗೆದುಬಿಟ್ಟರೆ ಆರು ಜನ ಉಳಿತಾರೆ. ಆಗ ಮಧ್ಯದಲ್ಲಿ ಇಬ್ಬರು ಬರ್ತಾರೆ, ಮೂರನೆಯವರೂ ನಾಲ್ಕನೆಯವರೂ" ಅಂದ.

ಕೋಣೆಯೆಲ್ಲ ನಕ್ಕಿತು. ಚೇತನ ಎದ್ದು ಬಂದು ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಸಯನ್ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ಬೆಚ್ಚಗಿತ್ತು ಎಂದು ಈಗ ನೆನೆದರೆ ಸುಹಾಸನಿಗೆ ತನ್ನ ಮೇಲೇ ಹೇಸಿಗೆಯಾಗುತ್ತದೆ. ಅವತ್ತು ಮನೆಗೆ ಹೋಗದೆ ನೇರ ತನ್ನ ಮಾಮೂಲಿ ಹೋಟೆಲಿಗೆ ಹೋಗಿ, ದೋಸೆಯ ಜೊತೆಗೆ ಶಿರಾ ಬೇರೆ ತಿಂದಿದ್ದ. ಸಂತೋಷವನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅಮ್ಮ ಇದ್ದಿದ್ದರೆ ಹೇಳಬಹುದಿತ್ತು. ಅಮ್ಮ ಹೋಗಿ ಎರಡು ವರ್ಷವಾಯಿತು. ಒಂದು ವಾರ ಕಳೆದ ಮೇಲೆ ಆಜ್ಞೆ ಬಂತು: ಏಳನೆಯವನನ್ನು ಎಲ್ಲ ಕಡೆಯಿಂದಲೂ ತೆಗೆಯಿರಿ. ಕತ್ತರಿಸಬಹುದಾದ ದೃಶ್ಯಗಳನ್ನು ಕತ್ತರಿಸಿದರು. ಕತ್ತರಿಸಲಾಗದ ಈ ಕೊನೆಯ ಶಾಟು ಸುಹಾಸನ ಮೇಜಿಗೆ ಬಂತು. ಇಂಥ ಕೆಲಸದಲ್ಲಿ ಅವನದು ಎತ್ತಿದ ಕೈ ಎಂದು ಎಲ್ಲರಿಗೂ ಗೊತ್ತಿತ್ತಲ್ಲ.

ಹಿಮ್ಮಡಿಯಿಂದ ಶುರುಮಾಡಿದ್ದಕ್ಕೆ ಕಾರಣ ಆ ಮನುಷ್ಯನೇ. ನಾಲ್ಕು ತಿಂಗಳ ಹಿಂದೆ ಏಳೂ ವೀರರನ್ನು ಸುತ್ತಲಿಂದ ಫೋಟೊ ತೆಗೆಯುವುದಕ್ಕೆ ಆಫೀಸಿಗೇ ಕರೆಸಿದ್ದರು. ಉಳಿದವರು ಕಾರಿನಲ್ಲಿ ಬಂದು ಕಾರಿನಲ್ಲಿ ಹೋದರು. ಬಲತುದಿಯವನು ಚಹಾ ಕುಡಿಯುವ ಕೋಣೆಯಲ್ಲಿ, ಯಾರಾದರೂ ಹೋಗು ಅನ್ನುವವರೆಗೆ ಕಾಯುವವನ ಹಾಗೆ, ಕೈಕಟ್ಟಿ ಕೂತಿದ್ದ. ಸುಹಾಸ ಫೋನಿನಲ್ಲಿ ಮಂಗಳೂರಿನ ಚಿಕ್ಕಮ್ಮನ ಜೊತೆ ಕನ್ನಡ ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದು ಅವನ ಮುಖ ಅರಳಿತು. ಹೆಸರು ಯಲ್ಲಾಲಿಂಗ, ಕಲಬುರಗಿ ಕಡೆಯವನು, ಹುಟ್ಟಿದ್ದು ಮಾತ್ರ ಇಲ್ಲಿಯೇ, ಯಾವುದೋ ಕಟ್ಟಡದ ಪಾಯದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಇಟ್ಟಿಗೆ ಹೊತ್ತ, ಸ್ಲ್ಯಾಬ್ ಹಾಕಿದ, ಆಮೇಲೆ ಸಿನೆಮಾದ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಸೇರಿದ. ಅವನ ಹೆಗಲು ನೋಡಿ ನಿರ್ದೇಶಕರು ಈ ಪಾತ್ರ ಕೊಟ್ಟಿದ್ದರು. ಹೊರಗಿನವರಿಗೆ ತೋರಿಸಬಾರದೆಂಬ ನಿಯಮವಿದ್ದರೂ ಸುಹಾಸ ಅವನನ್ನು ತನ್ನ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ಈ ಶಾಟನ್ನು ತೋರಿಸಿದ. ಯಲ್ಲಾಲಿಂಗ ತನ್ನ ಮುಖವನ್ನು ನೋಡಲೇ ಇಲ್ಲ, ಕಾಲು ನೋಡಿದ. "ಕರೆಕ್ಟ್ ನಿಂತೀನ್ರಿ" ಅಂದ. "ಭಾರ ಕೈಯಾಗ ಇರಂಗಿಲ್ರೀ ಸಾಹೇಬ್ರ. ಹಿಮ್ಮಡ್ಯಾಗ ಇರ್ತದ. ಹಿಮ್ಮಡಿ ಎದ್ದರ ಮುಗೀತು, ಎಷ್ಟ್ ದೊಡ್ಡ ಕೈ ಇದ್ರೂ ಸುಳ್ಳ." ಸಾಹೇಬ್ರ ಎಂದು ಸುಹಾಸನನ್ನು ಕರೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಎರಡೂ ಹಿಮ್ಮಡಿ ಹೋಗಿ ಆ ಜಾಗದಲ್ಲಿ ಜಲ್ಲಿ, ಧೂಳು, ಮುರಿದ ಟೈಲ್ಸು ಬಂದಿದ್ದವು. ಮನುಷ್ಯ ನೆಲ ಬಿಟ್ಟು ಮೊಳದೆತ್ತರದಲ್ಲಿ ತೇಲುತ್ತಿದ್ದ. ಆಗಲೇ ಫೋನು ನಡುಗಿತು, ಯಲ್ಲಾಲಿಂಗನದೇ ಹೆಸರು. ಎತ್ತಬಾರದು ಅಂದುಕೊಂಡು ಎತ್ತಿದ. "ಸಾಹೇಬ್ರ, ಕೆಲಸದಾಗ ಅದೀರೇನ್ರಿ? ಒಂದಽ ಮಿನಿಟ್. ಟ್ರೇಲರ್ ಶುಕ್ರವಾರ ಬರ್ತದಂತಲ್ರೀ. ನಮ್ಮವ್ವ ಮಲ್ಲಕ್ಕ ಕೇಳಾಕತ್ತಾಳ, ನೀ ಎಲ್ಲಿ ನಿಂತಿರ್ತಿ ಅಂತ. ಬಲಕ್ಕ ತುದೀಗೆ ನೋಡಬೇ ಅಂತ ಹೇಳೀನಿ. ಓಣಿ ಮಂದಿಗೆಲ್ಲ ಅದನ್ನಽ ಹೇಳೀನಿ. ಅದೀನಲ್ರೀ ನಾ ಅದರಾಗ?" ಸುಹಾಸನ ಎದುರಿಗೆ ಅವನು ತೇಲುತ್ತಿದ್ದ. "ಇದ್ದೀರಿ" ಅಂದ ಸುಹಾಸ. ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಭಯವಾಯಿತು. ಸುಳ್ಳೂ ಅಲ್ಲವಲ್ಲ, ಮೊಣಕಾಲಿನಿಂದ ಮೇಲೆ ಇನ್ನೂ ಇದ್ದಾನಲ್ಲ ಎಂದು ಮನಸ್ಸು ಕೂಡಲೇ ವಕೀಲಿಗೆ ಇಳಿಯಿತು. ಆ ಮನಸ್ಸಿಗೆ ಈ ಕಸುಬು ಹೊಸದಲ್ಲ. ಚಿಕ್ಕಂದಿನಲ್ಲಿ, ನಿನ್ನಪ್ಪ ಯಾವ ವೇಷ ಎಂದು ಗೆಳೆಯ ಪ್ರಶಾಂತ ಕೇಳಿದಾಗ ಅದು ಇಷ್ಟೇ ಚುರುಕಾಗಿತ್ತು. ಸುಹಾಸನಿಗೆ ಹತ್ತು ವರ್ಷ ಆಗ. ಮಾಟುಂಗಾದ ಶಾಲೆಯೊಂದರ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಹೋಟೆಲ್ ಕಾರ್ಮಿಕರ ಯಕ್ಷಗಾನ. ಬೆಳಗ್ಗಿನ ತಿಂಡಿಯ ಗಲಾಟೆ ಮುಗಿಸಿ ವೇಟರುಗಳೂ ಅಡಿಗೆಯವರೂ ಕೈಯ ಈರುಳ್ಳಿ ವಾಸನೆ ತೊಳೆದುಕೊಂಡು ಬಂದು ಪಾಂಡವರಾಗುತ್ತಿದ್ದರು. ಅಪ್ಪ ಶೇಖರ ಅದೇ ಮಂಡಳಿಯಲ್ಲಿ ಇಪ್ಪತ್ತು ವರ್ಷ ಇದ್ದವನು. ಬೆಂಚಿನ ಗೆಳೆಯ ಪ್ರಶಾಂತನನ್ನು ತಾನಾಗಿಯೇ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, "ಭೀಮ" ಎಂದಿದ್ದ ಸುಹಾಸ.

ಅಪ್ಪ ಪರದೆ ಹಿಡಿಯುವವನು. ಪಾಂಡವರು ಮೊದಲ ಸಲ ರಂಗಕ್ಕೆ ಬರುವಾಗ ಅವರ ಮುಂದೆ ಒಂದು ಕೆಂಪು ಬಟ್ಟೆಯನ್ನು ಇಬ್ಬರು ಆ ಕೊನೆ ಈ ಕೊನೆ ಹಿಡಿದು ನಿಲ್ಲುತ್ತಾರೆ. ಎಡಗಡೆ ಅಪ್ಪನ ಹೋಟೆಲಿನದೇ ವೇಟರ್ ದೂಜಣ್ಣ, ಬಲಗಡೆ ಅಪ್ಪ. ಬಟ್ಟೆಯ ಹಿಂದೆ ಕಿರೀಟಗಳು ಕುಣಿಯುತ್ತವೆ, ಗೆಜ್ಜೆ ಕೇಳಿಸುತ್ತದೆ, ಬಟ್ಟೆ ಒಂದಿಷ್ಟು ಇಳಿದು ಮುಖ ಕಾಣಿಸಿ ಮತ್ತೆ ಏರುತ್ತದೆ, ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಆ ಬಟ್ಟೆ ಎಷ್ಟು ಇಳಿಯಬೇಕು, ಯಾವಾಗ ಏರಬೇಕು ಎಂಬುದೆಲ್ಲ ಅಪ್ಪನ ಕೈಯಲ್ಲಿತ್ತು, ಯಾರೂ ಆ ಕೈ ನೋಡುತ್ತಿರಲಿಲ್ಲ. ಆಟ ಮುಗಿದ ಮೇಲೆ ಅಪ್ಪನೂ ದೂಜಣ್ಣನೂ ಎದುರುಬದುರು ನಿಂತು ಆ ಬಟ್ಟೆಯನ್ನು ಮಡಿಸುತ್ತಿದ್ದರು. ಅಪ್ಪ ಇವನನ್ನು ನೋಡಿ, "ಹಸಿವಾಯ್ತಾ ಮಗಾ?" ಅಂದ. "ಯಾರು ಇವರು? ನಿನ್ನಪ್ಪ ಭೀಮ ಅಲ್ವಾ?" ಎಂದು ಪ್ರಶಾಂತ ಕೇಳಿದ. "ಹೋಟೆಲಿನವರು" ಎಂದ ಸುಹಾಸ. ದೂಜಣ್ಣನ ಕೈ ಅಲ್ಲೇ ನಿಂತಿತು. ಅಪ್ಪನ ಕೈ ನಿಲ್ಲಲಿಲ್ಲ. ಬಟ್ಟೆಯ ಕೊನೆಯನ್ನು ದೂಜಣ್ಣನ ಕೊನೆಗೆ ಕೂಡಿಸಿ, ಪ್ರಶಾಂತನ ಕಡೆ ತಿರುಗಿ, "ಇವನ ಅಪ್ಪ ಒಳಗೆ ವೇಷ ಬಿಚ್ತಾ ಇದ್ದಾರೆ. ಭೀಮನ ವೇಷ ಅಲ್ವಾ, ಹೊತ್ತಾಗ್ತದೆ. ನೀವು ಚಾ ಕುಡೀರಿ" ಅಂದ. ಮನೆಗೆ ಬಂದ ಮೇಲೆಯೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಅಪ್ಪ ಸಾಯುವವರೆಗೂ ಸುಹಾಸ ಅದಕ್ಕೆ ಕಾದ.

ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚದೆ ಎದ್ದು ಲಾವಣ್ಯಾಳ ಗಾಜಿನ ಕೋಣೆಗೆ ಹೋದ. ಇಡೀ ವಿಭಾಗ ನೋಡಿಕೊಳ್ಳುವ ಲಾವಣ್ಯಾ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಸಾಂತಾಕ್ರೂಜಿನಲ್ಲಿ ಬೆಳೆದ ಉಡುಪಿ ಕಡೆಯ ಹುಡುಗಿ. ಅಜ್ಜಿಯ ಹತ್ತಿರ ಕಲಿತ ಕನ್ನಡವನ್ನು ಸುಹಾಸನ ಮೇಲೆ ಮಾತ್ರ ಪ್ರಯೋಗಿಸುತ್ತಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ: ನಾನು ಹೇಳಿದ್ದು ತಪ್ಪು, ನನ್ನ ಮಾತಿನಿಂದ ಒಬ್ಬ ಮನುಷ್ಯನ ಬಾಳು ಹೋಗುತ್ತಿದೆ, ಚೇತನರಿಗೆ ನಾನೇ ಹೇಳುತ್ತೇನೆ, ಅವನು ಇರಲಿ. ಇದನ್ನು ಹೇಳಿದರೆ ಕೆಲಸ ಹೋಗಬಹುದು ಎಂಬುದನ್ನೂ ಲೆಕ್ಕ ಹಾಕಿ, ಹೋದರೆ ಹೋಗಲಿ ಎಂದು ಗಟ್ಟಿಮಾಡಿಕೊಂಡಿದ್ದ. ಎರಡು ವಾರದಲ್ಲಿ ಮೊದಲ ಸಲ ಮೈ ಹಗುರವಾಗಿತ್ತು.

"ಲಾವಣ್ಯಾ, ಆ ಏಳನೆಯವನನ್ನು ತೆಗೆಯೋದು ಬೇಡ. ನಾನು ಅವತ್ತು ಮೀಟಿಂಗಿನಲ್ಲಿ ಹೇಳಬಾರದಿತ್ತು" ಅಂದ.

ಅವಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿದಳು. "ನೀವು ಏನು ಹೇಳಿದ್ದು ಸುಹಾಸಣ್ಣ?"

"ಕೊನೆಯವನನ್ನು ತೆಗೆದರೆ ಆರು ಉಳಿತದೆ, ಮಧ್ಯದಲ್ಲಿ ಇಬ್ಬರು ಬರ್ತಾರೆ ಅಂತ. ಅದು ನನ್ನ ಮಾತು."

"ನೋ ನೋ, ಅದು ಚೇತನ್ ಸರ್‌ದು ಐಡಿಯಾ ನಾ?" ಅವಳ ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದಳು. "ಮೇಲ್ ಕೂಡ ಅವರೇ ಹಾಕಿದ್ದು. ಎಲ್ಲರೂ ಅವರಿಗೇ ಕಂಗ್ರಾಟ್ಸ್ ಮಾಡಿದ್ರು. ನೀವು ಅವತ್ತು ರೂಮಲ್ಲಿ ಇದ್ರಾ?"

"ಇದ್ದೆ. ಪ್ರಿಂಟರ್ ಹತ್ತಿರ."

"ಅಚ್ಛಾ." ಅವಳು ಅವನ ಮುಖವನ್ನೇ ನೋಡಿದಳು, ಆಮೇಲೆ ಕರುಣೆಯಿಂದ, "ನೀವು ಟೆನ್ಶನ್ ತಗೋಬೇಡಿ ಅಣ್ಣ. ಇಷ್ಟು ದಿನ ಒಂದೇ ಫಿಲ್ಮ್ ಮೇಲೆ ಇದ್ರೆ ನನಗೂ ಹಂಗೇ ಆಗ್ತದೆ. ಆರು ಗಂಟೆ ತಕ್ ಕೊಡ್ತೀರಾ ನಾ?" ಎಂದಳು.

ಹೂಂ ಅಂದು ಹೊರಗೆ ಬಂದ. ಕುರ್ಚಿಯಲ್ಲಿ ಕೂತ ಮೇಲೂ ಕಿವಿ ಬಿಸಿಯಾಗಿಯೇ ಇತ್ತು. ಎರಡು ವಾರದಿಂದ ನಿದ್ದೆಗೆಟ್ಟು ಸಾಕಿಕೊಂಡು ಬಂದ ಪಾಪ ಅವನ ಹೆಸರಿನಲ್ಲೇ ಇರಲಿಲ್ಲ. ಕೊಲೆ ಮಾಡಿದೆನೆಂದು ಠಾಣೆಗೆ ಹೋದವನನ್ನು ಪೋಲೀಸರು ಬೆನ್ನು ಸವರಿ ಮನೆಗೆ ಕಳಿಸಿದ ಹಾಗಾಯಿತು. ಇದರಿಂದ ಸಮಾಧಾನ ಆಗಬೇಕಿತ್ತಲ್ಲವೆ? ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದಿಲ್ಲ. ಆದರೆ ಅವನಿಗೆ ಅಳು ಬಂತು. ಆ ಕೋಣೆಯ ಅಷ್ಟೂ ಮುಖಗಳು ತನ್ನ ಕಡೆ ತಿರುಗಿದ್ದವು ಎಂಬ ಒಂದೇ ಕಾರಣಕ್ಕೆ ಆ ಮಾತು ಆಡಿದ್ದ. ಆ ಮುಖಗಳು ನೋಡುತ್ತಿದ್ದದ್ದು ಅವನ ಹಿಂದಿನ ಗೋಡೆಯನ್ನಿರಬೇಕು.

ಮಧ್ಯಾಹ್ನವೆಲ್ಲ ಕೈ ತಾನಾಗಿ ನಡೆಯಿತು. ಮೊಣಕಾಲು ಹೋಯಿತು, ಸೊಂಟ, ಎದೆ, ಹೆಗಲು. ಮುಖ ಬಂದಾಗ ಸುಹಾಸ ಅದನ್ನು ದೊಡ್ಡದು ಮಾಡಿ ನೋಡಿದ. ಹಣೆಯ ಮೇಲೆ ಮೇಕಪ್ಪಿನವರು ಹಾಕಿದ ಗಾಯದ ಪಕ್ಕ ನಿಜವಾದ ಹಳೆಯ ಗಾಯವೊಂದಿತ್ತು. ಅದನ್ನು ಕೇಳಬೇಕಿತ್ತು ಅನ್ನಿಸಿತು, ಕೇಳಿರಲಿಲ್ಲ. ಅದೂ ಹೋಯಿತು. ಐದು ಗಂಟೆಯ ಹೊತ್ತಿಗೆ ಫ್ಲೈಓವರಿನ ಅಂಚಿನಲ್ಲಿ ಎಂಟು ಬೆರಳುಗಳು ಮಾತ್ರ ಉಳಿದಿದ್ದವು, ಹಿಂದೆ ಮನುಷ್ಯನಿಲ್ಲದ ಬೆರಳುಗಳು. ದೂರದಿಂದ ನೋಡಿದರೆ ಮುರಿದ ಕಾಂಕ್ರೀಟಿನಿಂದ ಹೊರಚಾಚಿದ ಸರಳಿನ ತುಂಡುಗಳೆಂದು ಅಂದುಕೊಳ್ಳಬಹುದು. ಬಿಟ್ಟುಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಮಲ್ಲಕ್ಕನಿಗೆ ಗೊತ್ತಾಗುತ್ತದೆ. ಬಲಕ್ಕೆ ತುದಿಗೆ ನೋಡು ಎಂದು ಅವಳಿಗೆ ಮಗ ಹೇಳಿದ್ದಾನಲ್ಲ, ಆ ಬೆರಳಿಗೆ ಅನ್ನ ತಿನ್ನಲು ಕಲಿಸಿದವಳಿಗೆ ಗೊತ್ತಾಗದೆ ಇರುತ್ತದೆಯೆ? ಸುಹಾಸ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹತ್ತು ನಿಮಿಷ ಹಾಗೇ ಕೂತ. ಅಷ್ಟರಲ್ಲಿ ಹಿಂದಿನಿಂದ ಲಾವಣ್ಯಾ ಬಗ್ಗಿ, "ಸೂಪರ್ ಸುಹಾಸಣ್ಣ, ಗೊತ್ತೇ ಆಗೂದಿಲ್ಲ" ಎಂದವಳು ಪರದೆಗೆ ಇನ್ನಷ್ಟು ಹತ್ತಿರ ಬಂದಳು. "ಇದು ಏನು, ಬೆರಳಾ? ಇದೂ ತೆಗೀಬೇಕಲ್ಲ." ಅವಳು ಅಲ್ಲೇ ನಿಂತಳು. ಅವಳು ನೋಡುತ್ತಿದ್ದ ಹಾಗೆಯೇ ಅವನು ಎಂಟೂ ಬೆರಳುಗಳನ್ನು ತೆಗೆದ. ಐದೂ ಐವತ್ತಕ್ಕೆ ಶಾಟು ಹೋಯಿತು.

ಕಾಂಜೂರ್‌ಮಾರ್ಗ್ ಸ್ಟೇಷನ್ನಿನಲ್ಲಿ ಎರಡು ಲೋಕಲ್ ರೈಲುಗಳನ್ನು ಹತ್ತದೆ ಬಿಟ್ಟ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಠಾಣೆ ಊರಿನ ಕಡೆಗೆ ಹೋಗುವವರ ಜಾತ್ರೆಯೇ ನೆರೆದಿತ್ತು, ಈ ಕಡೆ ಬೆಂಚು ಖಾಲಿ. ಯಾರೂ ಕೇಳದ ತಪ್ಪನ್ನು ಕೇಳಬಲ್ಲವನು ಈ ಊರಿನಲ್ಲಿ ಒಬ್ಬನೇ ಇದ್ದ. ಅವನಿಗೂ ಹೇಳದೆ ಹೋದರೆ ತಾನು ಇದ್ದದ್ದಕ್ಕೆ ಗುರುತೇ ಇಲ್ಲ ಎಂದು ಸುಹಾಸನಿಗೆ ಅನ್ನಿಸಿತು, ಆ ಯೋಚನೆಯಲ್ಲೂ ತನ್ನದೇ ಸ್ವಾರ್ಥ ಕಂಡು ಸಿಟ್ಟು ಬಂತು. ಸಿಟ್ಟಿನಲ್ಲೇ ಫೋನ್ ಒತ್ತಿದ.

"ಯಲ್ಲಾಲಿಂಗ, ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ನೀವು ಟ್ರೇಲರಿನಲ್ಲಿ ಇಲ್ಲ. ಸಿನೆಮಾದಲ್ಲೂ ಇಲ್ಲ. ಅಳಿಸಿದವನು ನಾನೇ. ಅಳಿಸಿ ಅಂತ ಮೊದಲು ಹೇಳಿದವನೂ ನಾನೇ. ನಿಮ್ಮ ತಪ್ಪು ಏನೂ ಇಲ್ಲ, ಮಧ್ಯದಲ್ಲಿ ಇಬ್ಬರು ಬರಬೇಕಿತ್ತು, ಅದಕ್ಕೆ."

ಆ ಕಡೆ ಪಾತ್ರೆ ಬಿದ್ದ ಸದ್ದು, ಟಿ.ವಿ., "ರಂಜನಾ, ಸಣ್ಣಗ ಮಾಡವ್ವ ಅದನ್ನ" ಎಂದು ಮಗಳಿಗೋ ಯಾರಿಗೋ ಹೇಳಿದ ಅವನ ದನಿ. ಟಿ.ವಿ. ಸಣ್ಣಗಾಯಿತು. ಬೈಯಲಿ, ಬೈಯಲಿ ಎಂದು ಸುಹಾಸ ಕಿವಿಯನ್ನು ಫೋನಿಗೆ ಒತ್ತಿ ಹಿಡಿದಿದ್ದ.

"ಹಂಗಾರ ಆ ಬ್ರಿಜ್ ಯಾರು ಹಿಡದಾರ್ರೀ?" ಎಂದು ಯಲ್ಲಾಲಿಂಗ ಕೇಳಿದ.

ಅದರಲ್ಲಿ ವ್ಯಂಗ್ಯವಿರಲಿಲ್ಲ. ಸ್ಲ್ಯಾಬ್ ಹಾಕಿದವನು ಕೇಳುವ ಪ್ರಶ್ನೆ ಅದು.

"ಯಾರೂ ಇಲ್ಲ" ಅಂದ ಸುಹಾಸ. "ಹಾಗೇ ನಿಂತಿದೆ."

"ಹಂಗೆಂಗ ನಿಂದರತದ್ರೀ?" ಎಂದು ಯಲ್ಲಾಲಿಂಗ ತನಗೆ ತಾನೇ ಅಂದುಕೊಂಡ ಹಾಗೆ ಅಂದ. ಆಮೇಲೆ, "ಅವ್ವಗ ಏನರೆ ಹೇಳಬೇಕ್ರಿ ಈಗ" ಎಂದು ಫೋನ್ ಇಟ್ಟ. ಸಾಹೇಬ್ರ ಎಂದು ಕರೆಯಲಿಲ್ಲ.

ಸಯನ್ನಿನ ಹೋಟೆಲಿನಲ್ಲಿ ಸಂಜೆಯ ಜನ. ಅಪ್ಪ ಕೆಲಸ ಮಾಡಿದ್ದ ಹೋಟೆಲೇ ಅದು. ಈಗ ದೂಜಣ್ಣ ತಟ್ಟೆ ಹೊರುವುದಿಲ್ಲ, ಎಪ್ಪತ್ತು ದಾಟಿದೆ. ಬಂದವರನ್ನು ಖಾಲಿ ಜಾಗಕ್ಕೆ ಕೂರಿಸಿ ನೀರಿಡುತ್ತಾನೆ. ಸುಹಾಸನನ್ನು ಗೋಡೆಯ ಪಕ್ಕದ ಮೇಜಿನಲ್ಲಿ, ಗುರುತಿಲ್ಲದ ಒಬ್ಬರ ಎದುರು ಕೂರಿಸಿದ. ಅವರು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಇಡ್ಲಿ ತಿನ್ನುತ್ತಿದ್ದರು. ಸಾಂಬಾರ್ ಕೇಳಿದ ರೀತಿಯಲ್ಲಿ ಕನ್ನಡದವರೆಂದು ಗೊತ್ತಾಯಿತು. ಅವರ ತಲೆಯ ಮೇಲೆ ಗೋಡೆಯಲ್ಲಿ ಆ ಹಳೆಯ ಫೋಟೊ. ಕೆಂಪು ಬಟ್ಟೆ ಅರ್ಧ ಇಳಿದಿದೆ, ಅದರ ಮೇಲೆ ಐದು ಕಿರೀಟ, ಐದು ಬಣ್ಣದ ಮುಖ, ನಡುವೆ ಭೀಮನ ದೊಡ್ಡ ಕಣ್ಣು. ಫೋಟೊ ತೆಗೆದವನಿಗೆ ಐದು ಜನ ಬೇಕಿದ್ದರು. ಬಟ್ಟೆ ಹಿಡಿದವರು ಚೌಕಟ್ಟಿನ ಹೊರಗೆ ಬಿದ್ದಿದ್ದರು. ಎರಡು ವರ್ಷದಿಂದ ದಿನವೂ ಸುಹಾಸ ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಇವತ್ತು ಆ ಕುರ್ಚಿ ಖಾಲಿ ಇರಲಿಲ್ಲ.

"ಆ ಫೋಟೊದಲ್ಲಿ ನಮ್ಮ ಅಪ್ಪ ಇದ್ದಾರೆ" ಎಂದುಬಿಟ್ಟ.

ಎದುರಿನವರು ಇಡ್ಲಿ ನಿಲ್ಲಿಸಿ ಕತ್ತು ತಿರುಗಿಸಿದರು. "ಹೌದಾ? ಯಾವುದು? ಮಧ್ಯದವರಾ?"

"ಅಲ್ಲ. ಬಲಗಡೆ ತುದಿ ನೋಡಿ."

"ಅಲ್ಲಿ ಯಾರೂ ಇಲ್ವಲ್ಲ."

"ಬೆರಳಿದೆ. ಬಟ್ಟೆ ಹಿಡಿದದ್ದು."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು, ಸೌಜನ್ಯಕ್ಕೆ ತಲೆಯಾಡಿಸಿದರು, ಮತ್ತೆ ಇಡ್ಲಿಗೆ ತಿರುಗಿದರು. ದೂಜಣ್ಣ ನೀರಿನ ಗ್ಲಾಸು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಗ್ಲಾಸನ್ನು ಮೇಜಿನ ಮೇಲಿಟ್ಟ, ಕೈ ತೆಗೆಯಲಿಲ್ಲ.

"ನಿನ್ನಪ್ಪ ಭೀಮ ಅಲ್ವನಾ ಮಾರಾಯ?" ಎಂದ ಮೆಲ್ಲಗೆ.

ಮೂವತ್ತಮೂರು ವರ್ಷ ಇವನೂ ಆ ಸುಳ್ಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ.

"ಅಲ್ಲ ದೂಜಣ್ಣ" ಅಂದ. "ಪರದೆ ಹಿಡೀತಿದ್ದರು."